ಇನ್ನೂ ಬಾಡಿಲ್ಲ

ಹೂವಾಡಗಿತ್ತಿ ಸಾಕವ್ವನ ಬುಟ್ಟಿಯಲ್ಲಿ ಇಳಿಹೊತ್ತಿಗೆ ಉಳಿದದ್ದು ಒಂದೇ ಒಂದು ಮಲ್ಲಿಗೆ ಹಾರ. ಅದಕ್ಕೇನೂ ಬೇಸರವಿರಲಿಲ್ಲ. ಸಾಕವ್ವ ಅದಕ್ಕೆ ನೀರು ಚಿಮುಕಿಸಿ, ಎತ್ತಿ ಹಿಡಿದು, ಹೋಗಿಬರುವವರಿಗೆಲ್ಲ "ನೋಡಿ, ಇನ್ನೂ ಬಾಡಿಲ್ಲ" ಎನ್ನುತ್ತಿದ್ದಳು. ಹಾರ ಉಬ್ಬಿಹೋಯಿತು.

"ಬೆಳಿಗ್ಗೆ ಮಾರಿಹೋದ ಹಾರಗಳಲ್ಲಿ ಒಂದಕ್ಕಾದರೂ ಈ ಮಾತು ಸಿಕ್ಕಿತೇ?" ಎಂದು ಅದು ಬುಟ್ಟಿಯನ್ನು ಕೇಳಿತು.

ಬುಟ್ಟಿ ಸಾಕವ್ವನ ಅತ್ತೆಯ ಕಾಲದ್ದು. "ಇಲ್ಲ ಮಗಳೇ," ಎಂದಿತು. "ಸಾಕವ್ವನ ಅತ್ತೆಯ ಬಾಯಲ್ಲೂ ಇದೇ ಮಾತು ಕೇಳಿದ್ದೇನೆ. ಬೆಳಗಿನ ಹೂವಿಗೆ ಇಬ್ಬರೂ ಹಾಗೆ ಅಂದದ್ದನ್ನು ಮಾತ್ರ ನಾನು ಕಾಣೆ."

"ನಿನಗೆ ಹೊಟ್ಟೆಕಿಚ್ಚು. ಒಣಗಿದ ಬಿದಿರಿಗೆ ಅಂಥ ಮಾತು ಯಾರು ಆಡುತ್ತಾರೆ?" ಎಂದಿತು ಹಾರ.

ದೀಪ ಹಚ್ಚುವ ಹೊತ್ತಿಗೆ ಒಬ್ಬ ಅವಸರದಲ್ಲಿ ಬಂದ. ಸಾಕವ್ವ ಬಾಯಿ ತೆರೆಯುವ ಮೊದಲೇ, "ಹೇಗಿದ್ದರೂ ನಡೆಯುತ್ತೆ, ಕೊಡವ್ವ" ಎಂದು ಹಾರವನ್ನು ಎಲೆಯಲ್ಲಿ ಕಟ್ಟಿಸಿಕೊಂಡು ಹೋದ.

ಅವನ ನಡುಮನೆಯಲ್ಲಿ ಚಾಪೆಯ ಮೇಲೆ ಮುದುಕಿಯೊಬ್ಬಳನ್ನು ಮಲಗಿಸಿದ್ದರು. ಅವನು ಹಾರವನ್ನು ಅವಳ ಎದೆಯ ಮೇಲೆ ಹಾಸಿದ. ಆ ಎದೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಸುತ್ತ ಕೂತಿದ್ದ ಹೆಂಗಸರು ಬಾಗಿ ನೋಡಿದರು. ಹಾರ ತನ್ನ ಮಾತಿಗಾಗಿ ಕಾದಿತು.

"ಮುಖ ನೋಡ್ರವ್ವ," ಎಂದಳು ಒಬ್ಬಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಇನ್ನೂ ಬಾಡಿಲ್ಲ."