ಇಬ್ಬರ ಸೆರಗಿನ ಹದ್ದಿನ ನಾಣ್ಯ

ಮಲಪ್ರಭೆಯ ದಂಡೆಯ ಮೇಲೆ ಮೌನಪ್ಪಜ್ಜನ ಮಠ. ಅಜ್ಜ ಮೊದಲು ಪತ್ತಾರ, ಬಂಗಾರದ ಕೆಲಸದವನು. ಆಮೇಲೆ ಎಲ್ಲ ಬಿಟ್ಟ. ಮಾತನ್ನೂ ಅರ್ಧ ಬಿಟ್ಟ.

ಶಿಷ್ಯ ದೇವೀಂದ್ರಪ್ಪ ಮನೆ ಬಿಟ್ಟು ಬಂದಿದ್ದ, ಹೆಂಡತಿಯನ್ನು ತವರಿಗೆ ಬಿಟ್ಟು ಬಂದಿದ್ದ, ಹಳೇ ನಾಣ್ಯದ ಡಬ್ಬಿಯನ್ನು ಮಾತ್ರ ಕಂಕುಳಲ್ಲೇ ಇಟ್ಟುಕೊಂಡು ಬಂದಿದ್ದ. ಸನ್ಯಾಸಿ ಆಗೋನಿಗೆ ಡಬ್ಬಿ ಯಾಕಪ್ಪಾ ಅಂತ ಊರವರು ಕೇಳಿದರೆ, ಇದು ಆಸೆಯಲ್ಲ, ಅಭ್ಯಾಸ ಅನ್ನುತ್ತಿದ್ದ. ಅಜ್ಜ ಆ ಸುದ್ದಿ ಎತ್ತಿರಲಿಲ್ಲ.

ಹೀಗಿರುವಾಗ ಬಾಳಪ್ಪ ಸಾವ್ಕಾರ ತೀರಿಕೊಂಡ.

ಸಾವ್ಕಾರನಿಗೆ ಎರಡು ಮನೆ. ಮುಂದಿನ ಓಣಿಯಲ್ಲಿ ತಾಳಿ ಕಟ್ಟಿಸಿಕೊಂಡ ನೀಲಗಂಗವ್ವ. ಹಿಂದಿನ ಓಣಿಯಲ್ಲಿ ಕಟ್ಟಿಸಿಕೊಳ್ಳದ ಹಂಪವ್ವ. ಹಿಂದಿನ ಓಣಿಗೆ ಹೋಗುವಾಗ ಮುಖ ಕಾಣಬಾರದೆಂದು ಸಾವ್ಕಾರ ಬೇಸಿಗೆಯಲ್ಲೂ ಛತ್ರಿ ಬಿಚ್ಚಿಕೊಂಡು ಹೋಗುತ್ತಿದ್ದ. ಊರಲ್ಲಿ ಛತ್ರಿ ಇದ್ದದ್ದು ಅವನೊಬ್ಬನಿಗೇ.

ಅವನ ಮುತ್ತಜ್ಜನಿಗೆ ಹತ್ತಿ ಕೊಳ್ಳಲು ಬಂದ ಸಾಹೇಬನೊಬ್ಬ ಅಮೆರಿಕದ ಬಂಗಾರದ ನಾಣ್ಯ ಕೊಟ್ಟಿದ್ದನಂತೆ. ಒಂದು ಮೈಗೆ ಕಿರೀಟ ಇಟ್ಟ ಹೆಣ್ಣಿನ ಮುಖ, ಸುತ್ತ ಚುಕ್ಕಿ. ಇನ್ನೊಂದು ಮೈಗೆ ರೆಕ್ಕೆ ಬಿಚ್ಚಿದ ಹದ್ದು. ಸಾವಿರದ ಎಂಟುನೂರ ಐವತ್ತರ ಆಚೀಚೆಯ ಇಸವಿ. ಅಂಥದ್ದು ಈ ಸೀಮೆಯಲ್ಲಿ ಇನ್ನೊಂದಿಲ್ಲ ಅನ್ನುತ್ತಿದ್ದರು.

ಸಾವ್ಕಾರ ಸತ್ತ ಮೇಲೆ ನೋಡಿದರೆ ಎರಡು. ಇಬ್ಬರ ಸೆರಗಿನ ಗಂಟಿನಲ್ಲೂ ಒಂದೊಂದು. ಮುತ್ತಜ್ಜನದು ನಿನಗೇ ಕೊಟ್ಟೇನಿ, ಯಾರಿಗೂ ತೋರಿಸಬೇಡ ಅಂತ ಇಬ್ಬರಿಗೂ ಹೇಳಿದ್ದ, ಪುಣ್ಯಾತ್ಮ.

ದಿವಸದ ಊಟದ ಪಂಕ್ತಿಯಲ್ಲೇ ನೀಲಗಂಗವ್ವ ಬಾಯಿ ಬಿಟ್ಟಳು. ಹಂಪವ್ವನ ನಾಣ್ಯವೂ ಖೊಟ್ಟಿ, ಆಕೆಯ ಬಾಳೇವೂ ಖೊಟ್ಟಿ ಅಂದಳು. ಬಡಿಸುವವರು ಸೌಟು ಹಿಡಿದು ಹಾಗೇ ನಿಂತರು. ಉಣ್ಣುವವರಿಗೂ ಅವಸರವಿರಲಿಲ್ಲ.

ಮರುದಿನ ಇಬ್ಬರೂ ಮಠಕ್ಕೆ ಬಂದರು. ಹೊಳೆಗೆ ಇಳಿಯುವ ಮೆಟ್ಟಿಲಿನ ಆ ತುದಿಗೆ ಒಬ್ಬಳು, ಈ ತುದಿಗೆ ಒಬ್ಬಳು ಕೂತರು. ಆವತ್ತು ಬಟ್ಟೆ ಒಗೆಯಲು ಊರಿನ ಹೆಂಗಸರೆಲ್ಲ ಅಲ್ಲಿಗೇ ಬಂದಿದ್ದರು. ಒಗೆದವರು ಕಮ್ಮಿ.

ಹಂಪವ್ವ ಅಜ್ಜನಿಗೆ ಹೇಳಿದಳು: "ನನಗ ಪಾಲು ಬ್ಯಾಡ್ರಿ ಅಜ್ಜಾರ. ಇದನ್ನ ಮಾರೂದೂ ಇಲ್ಲ. ಅವರು ನನಗ ಸುಳ್ಳ ಹೇಳಿದ್ರೋ ಏನು, ಅಷ್ಟ ಹೇಳ್ರಿ."

ಅಜ್ಜ ಎರಡೂ ನಾಣ್ಯ ಕೈಗೆ ತೆಗೆದುಕೊಂಡ. ಅಂಚಿನ ಸುತ್ತ ಹೆಬ್ಬೆರಳು ಆಡಿಸಿದ. ಶಿಷ್ಯನಿಗೆ ಕೊಟ್ಟು, ನೀ ನೋಡು ಅಂದ.

ದೇವೀಂದ್ರಪ್ಪನ ಎದೆ ಉಬ್ಬಿತು. ಒರೆಗಲ್ಲು ತಂದು ಎರಡನ್ನೂ ತಿಕ್ಕಿದ, ದ್ರಾವಕ ತಾಗಿಸಿದ. ಹಂಪವ್ವನ ನಾಣ್ಯದ ಗೆರೆ ಕೆಂಪಗಿತ್ತು, ಚೂರು ಮಂಕಾಯಿತು. ನೀಲಗಂಗವ್ವನದು ತುಪ್ಪ ಎಳೆದ ಹಾಗೆ ಹಳದಿ, ಅಲುಗಲಿಲ್ಲ.

"ಚೊಕ್ಕ ಬಂಗಾರ ಇದು. ನೀಲಗಂಗವ್ವಂದ ಖರೇ. ಅದು ಖೊಟ್ಟಿ," ಅಂದ. ಆಚೆ ದಂಡೆಗೂ ಕೇಳಿಸಿತು.

ನೀಲಗಂಗವ್ವ ನಾಣ್ಯ ತಿರುಗಿ ಸೆರಗಿಗೆ ಕಟ್ಟಿಕೊಂಡು ಎದ್ದಳು. ಆಕೆ ಮನೆ ಮುಟ್ಟುವ ಮೊದಲೇ ಸುದ್ದಿ ಪೇಟೆ ಮುಟ್ಟಿತ್ತು.

ಹಂಪವ್ವ ಅಳಲಿಲ್ಲ. ತನ್ನ ನಾಣ್ಯವನ್ನು ಮೆಟ್ಟಿಲ ಮೇಲೆ ಬಿಟ್ಟು ನಡೆದಳು.

ಅಜ್ಜ ಅದನ್ನು ಎತ್ತಿಕೊಂಡು ಶಿಷ್ಯನನ್ನು ಕೇಳಿದ: "ಇದು ಆ ದೇಶದಾಗ ಎಲ್ಲಿರತಿತ್ತು?"

"ಪೇಟ್ಯಾಗ. ಜನರ ಕಿಸೇದಾಗ."

"ನಮ್ಮ ಹೆಂಗಸರ ಬಂಗಾರ?"

"ಕೊರಳಾಗ. ಇಲ್ಲಾ ಪೆಟಗ್ಯಾಗ."

"ಕೈಯಿಂದ ಕೈಗೆ ಅಡ್ಡಾಡೂದು ಸವೀಬಾರದು. ಏನ್ ಮಾಡಬೇಕು?"

ದೇವೀಂದ್ರಪ್ಪ ಓದದೇ ಇದ್ದವನಲ್ಲ. ಅಮೆರಿಕದವರು ತಮ್ಮ ಬಂಗಾರದ ನಾಣ್ಯಕ್ಕೆ ಗಟ್ಟಿಯಾಗಲೆಂದು ತಾಮ್ರ ಕೂಡಿಸುತ್ತಿದ್ದರು, ಕಾಯ್ದೆಯ ಪ್ರಕಾರವೇ. ಗೊತ್ತಿತ್ತು. ಆದರೂ ಒರೆಗಲ್ಲಿನ ಮುಂದೆ ಕೂತಾಗ, ಮದುವೆಗೆ ಸರ ಕೊಳ್ಳಲು ಹೋದ ಹೆಣ್ಣಿನ ಸೋದರತ್ತೆಯ ಹಾಗೆ, ಹಳದಿ ಕಂಡ ಕಡೆ ಕಣ್ಣು ಓಡಿತ್ತು.

"ಅಂಚು ಮುಟ್ಟು," ಅಂದ ಅಜ್ಜ.

ಮುಟ್ಟಿದ. ಹಲ್ಲುಗಳು ಒಂದರ ಹಾಗೆ ಒಂದು. ಯಂತ್ರದ ಕೆಲಸ.

"ನೀಲಗಂಗವ್ವಂದರ ಅಂಚು?"

"ನೋಡಲಿಲ್ಲರಿ."

"ಒಂದು ಹಲ್ಲು ದಪ್ಪ, ಒಂದು ಸಣ್ಣ. ಕೈಯಾಗ ಅರಾ ಹಿಡದು ಯಾವನೋ ಪತ್ತಾರ ತಿಕ್ಕ್ಯಾನ."

"ಮತ್ತ ಆ ಹಂಪವ್ವನ್ನ ಹಂಗ ಯಾಕ ಕಳಿಸಿದಿರಿ, ಅಜ್ಜಾರ?"

"ನಾ ಕಳಿಸಲಿಲ್ಲ. ನೀ ಕಳಿಸಿದಿ."

ನಾಣ್ಯವನ್ನು ಶಿಷ್ಯನ ಕೈಯಲ್ಲಿ ಇಟ್ಟು ಅಜ್ಜ ಅಂದ: "ಹೋಗು. ಎಷ್ಟು ಗಟ್ಟಿಯಾಗಿ ಹೇಳಿದ್ದಿ, ಅಷ್ಟ ಗಟ್ಟಿಯಾಗಿ ಹೇಳಿ ಬಾ."

ದೇವೀಂದ್ರಪ್ಪ ಮುಂದಿನ ಓಣಿಗೆ ಹೋದ. ನೀಲಗಂಗವ್ವನ ನಾಣ್ಯ ಕೇಳಿ ಇಸಿದುಕೊಂಡು ಉಗುರು ಆಡಿಸಿದ. ಅಜ್ಜ ಹೇಳಿದ ಹಾಗೇ ಇತ್ತು. ಆಕೆಯದೇ ಕಟ್ಟೆಯ ಮೇಲೆ ನಿಂತು, ತಪ್ಪು ತನ್ನದು, ಖರೇದು ಹಂಪವ್ವನದು ಅಂದ. ಕಿಟಕಿಗಳೆಲ್ಲ ತೆರೆದವು. ಒಬ್ಬ ಮುದುಕ, ಸ್ವಾಮಿ, ನಾಳೆ ಮತ್ತೊಂದು ಹೇಳ್ತೀರೇನ್ರೀ ಅಂತ ಕೇಳಿದ. ಜನ ನಕ್ಕರು. ದೇವೀಂದ್ರಪ್ಪ ನಿಂತೇ ಇದ್ದು, ನಗು ಮುಗಿದ ಮೇಲೆ ಇನ್ನೊಂದು ಸಲ ಹೇಳಿದ.

ಹಿಂದಿನ ಓಣಿಯಲ್ಲಿ ಹಂಪವ್ವ ನಾಣ್ಯ ತೆಗೆದುಕೊಂಡಳು. ತಿರುವಿ ಕೂಡ ನೋಡಲಿಲ್ಲ. "ಸುಳ್ಳ ಹೇಳಿರಲಿಲ್ಲಲ್ಲ," ಅಂದಳು. ಒಳಗೆ ಹೋಗಿ ಬೆಳಗಿನಿಂದ ಹಚ್ಚದ ಒಲೆ ಹಚ್ಚಿದಳು.

ತಿರುಗಿ ಬರುವಾಗ ನೀಲಗಂಗವ್ವ ಬಾಗಿಲಲ್ಲಿ ನಿಂತಿದ್ದಳು. ಪಂಕ್ತಿಯಲ್ಲಿ ಕೇಳಿದ್ದ ದನಿ ಈಗ ಇರಲಿಲ್ಲ. "ಅವರ ಮನಿ ಬೆಳಗಿದಾಕಿ ನಾನು. ಸುಳ್ಳಂದು ನನಗ ಕೊಟ್ರೇನ್ರೀ?"

ದೇವೀಂದ್ರಪ್ಪ ಅಜ್ಜನನ್ನು ಕೇಳಿಕೊಂಡು ಬರುತ್ತೇನೆ ಅಂತ ಹೊರಟ.

ಅಜ್ಜ ಹೊಳೆಯಲ್ಲಿ ಮೊಣಕಾಲುದ್ದ ನಿಂತು ಧೋತರ ಹಿಂಡುತ್ತಿದ್ದ. ಶಿಷ್ಯ ದಂಡೆಯಿಂದಲೇ ಕೇಳಿದ: "ನೀಲಗಂಗವ್ವಗ ಏನಂತ ಹೇಳಲಿ, ಅಜ್ಜಾರ? ಆಕೀದು ಖೊಟ್ಟಿ ಹೌದಲ್ಲ?"

ಅಜ್ಜ ಧೋತರ ಝಾಡಿಸಿದ.

"ಖೊಟ್ಟಿ ಮಾಡಾಂವ ಬಂಗಾರ ಕದೀತಾನ. ಸಾವ್ಕಾರ ಆಕೀದಕ್ಕ ಬಂಗಾರ ಹೆಚ್ಚಿಗಿ ಹಾಕಿಸ್ಯಾನ. ಯಾಕಂತ ಆಕೀನ್ನ ಕೇಳಿ ಬಾ."