ಅಧಿಕಾರಿಯ ಬೀದಿಯ ಕಸ

ಓಬಳಮ್ಮ ಪುರಸಭೆಯಲ್ಲಿ ಬೀದಿ ಗುಡಿಸುವವಳು. ಅವಳ ಗಂಡನದೂ ಅದೇ ಕೆಲಸವಾಗಿತ್ತು. ಅವನು ತೀರಿಕೊಂಡು ಎರಡು ತಿಂಗಳಾದರೂ ಆರೋಗ್ಯ ಶಾಖೆ ಮರಣ ಪ್ರಮಾಣಪತ್ರ ಕೊಡಲಿಲ್ಲ. ಅದಿಲ್ಲದೆ ಪಿಂಚಣಿ ಸಿಗುವಂತಿರಲಿಲ್ಲ.

"ನಮ್ಮ ಪುಸ್ತಕದಲ್ಲಿ ಬರೆಯೋವರೆಗೂ ನಿನ್ನ ಗಂಡ ಬದುಕಿದ್ದಾನೆ ಅಂತಲೇ ಲೆಕ್ಕ," ಎಂದರು ಆರೋಗ್ಯಾಧಿಕಾರಿ.

"ಹಂಗೇ ಆಗ್ಲಿ ಸಾಮಿ," ಎಂದಳು ಓಬಳಮ್ಮ.

ಇಲ್ಲೊಂದು ವಿಷಯ ಹೇಳಬೇಕು. ಗಂಡ ಸತ್ತ ಮೇಲೆ ಅವನ ಪಾಲಿನ ಬೀದಿಯನ್ನೂ ಇವಳೇ ಗುಡಿಸುತ್ತಿದ್ದಳು. ಅಧಿಕಾರಿಯ ಮನೆ ಇದ್ದದ್ದು ಆ ಬೀದಿಯಲ್ಲೇ. ಅಧಿಕಾರಿ ಆ ಮಾತು ಹೇಳಿದ ಮರುದಿನದಿಂದ ಅವಳು ತನ್ನ ಬೀದಿ ಮುಗಿಸಿ, ಗಂಡನ ಬೀದಿ ಶುರುವಾಗುವ ತಿರುವಿನಲ್ಲೇ ಪೊರಕೆ ಕೆಳಗಿಡತೊಡಗಿದಳು.

ನಾಲ್ಕನೇ ದಿನ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ತಿರುವಿಗೇ ಬಂದರು. "ಏನಮ್ಮ, ಈ ಕಡೆ ಯಾಕೆ ಗುಡಿಸ್ತಿಲ್ಲ?"

"ಅದು ನಮ್ಮ ಯಜಮಾನರ ಬೀದಿ ಸಾಮಿ. ಬದುಕಿರೋರ ಕೆಲಸಕ್ಕೆ ನಾನು ಕೈ ಹಾಕಬಹುದಾ? ಬರ್ತಾರೆ ಇರಿ. ತಡ ಮಾಡಿದ್ದಕ್ಕೆ ನೀವೇ ನಾಲ್ಕು ಮಾತು ಬೈಯಿರಿ."

ಅಧಿಕಾರಿ ಬಾಯಿ ತೆರೆದರು. ನಾತ ಒಳಗೆ ಹೋಯಿತು. ಮತ್ತೆ ಮುಚ್ಚಿಕೊಂಡರು.

ಅಂದು ಮಧ್ಯಾಹ್ನವೇ ಮರಣ ಪ್ರಮಾಣಪತ್ರದ ಮೊಹರು ಒತ್ತಿದ ಐದು ಪ್ರತಿಗಳನ್ನು ಅವರೇ ತಂದುಕೊಟ್ಟರು. "ನಾಳೆಯಿಂದ ಗುಡಿಸ್ತೀಯ ತಾನೆ?"

ಓಬಳಮ್ಮ ನಾಲ್ಕನ್ನು ಸೆರಗಿಗೆ ಕಟ್ಟಿಕೊಂಡು, ಒಂದನ್ನು ಹಿಂದಕ್ಕೆ ಕೊಟ್ಟಳು.

"ಸತ್ತವರ ಜಾಗಕ್ಕೆ ಹೊಸಬರನ್ನ ಹಾಕಿಸ್ಕೊಳ್ಳೋಕೆ ನೀವು ಅರ್ಜಿ ಕೊಡ್ಬೇಕಲ್ವಾ ಸಾಮಿ. ಅದರ ಜೊತೆ ಇದನ್ನೂ ಇಡಿ."