ಅಳಿಲು ತಂದ ಕೊನೆಯ ಪುಟ

ಮೂಕಪ್ರಾಣಿಗೂ ಮಾತು ಕೊಡುವ ತಾಯಿ ಶಾರದೆಗೆ ಕೈಮುಗಿದು ಹೇಳುತ್ತೇನೆ.

ಗ್ರಂಥಾಲಯದ ಹಲ್ಲಿಯ ಬಳಿ, ಈಗ ಪುಸ್ತಕಗಳೇ ಎಲ್ಲೂ ಸಿಗದ ಕಥೆಗಾರರೊಬ್ಬರ ಕಥೆಯಿತ್ತು. ಕೊನೆಯ ಪುಟ ಮಾತ್ರ ಇರಲಿಲ್ಲ. ಕಥೆಯೊಳಗಿನ ದೋಣಿ ದಡ ಸೇರಿತೋ ಇಲ್ಲವೋ ಎಂಬ ಕೊರಗಿನಲ್ಲೇ ಹಲ್ಲಿ ಮುದಿಯಾಗಿತ್ತು. ಒಂದು ದಿನ ಅಳಿಲು ಕಡಲೆಕಾಯಿ ಪೊಟ್ಟಣದ ಕಾಗದ ಹಿಡಿದು ಬಂತು.

“ಹಲ್ಲಿಯಣ್ಣ, ಇದು ನಮ್ಮ ಕಥೆಗಾರರದೇ, ಆದರೆ ಬರೀ ಕೊನೆ. ಮೊದಲಿನದು ನಿನ್ನಲ್ಲಿದೆಯಂತೆ, ಕೊಡು.”

“ಕೊಡೋದಾ? ನಿಮ್ಮ ಕುಲದವರು ಕಾಗದ ಕಂಡರೆ ಗೂಡಿಗೆ ಹಾಸುವವರು!”

ಅಳಿಲು ನಕ್ಕು ಪುಟವನ್ನು ಹಲ್ಲಿಯ ಮುಂದಿಟ್ಟಿತು. “ಹಾಗಾದರೆ ಇದೂ ನಿನ್ನಲ್ಲೇ ಇರಲಿ. ನೀನು ಓದು, ನಾನು ಕೇಳುತ್ತೇನೆ.”

ಹಲ್ಲಿಗೆ ನಾಚಿಕೆಯಾಯಿತು. ಕೊನೆಯ ಪುಟದತ್ತ ಕಣ್ಣೂ ಹಾಯಿಸದೆ ಮೊದಲಿನಿಂದ ಗಟ್ಟಿಯಾಗಿ ಓದಿತು. ದೋಣಿ ನಡುನೀರಿಗೆ ಬಂದಾಗ ಪುಟವನ್ನು ಅಳಿಲಿನತ್ತ ಸರಿಸಿ, “ತಂಗೀ, ದಡ ನೀನೇ ಮುಟ್ಟಿಸು,” ಎಂದಿತು.

ಕೇಳಿದ ನಿಮಗೂ ಆ ತಾಯಿ ಹೀಗೆ ಕೂಡಿ ಓದುವ ಗೆಳೆಯರನ್ನು ಕೊಟ್ಟು ಕಾಪಾಡಲಿ.